ಕ್ಯಾಮೆರಾ ಹೊತ್ತ ಸರ್ವೆ ಕಾರು ಬೀದಿಗೆ ಬಂದ್ರೆ ಏನು ಅಳೆಯುತ್ತೆ, ಏನು ಅಳೆಯಲ್ಲ? ಅಂಗಡಿಯವರು, ಮನೆಯವರು ತಿಳ್ಕೋಬೇಕಾದ ಮಾಹಿತಿ

ನೆತ್ತಿ ಮೇಲೆ ಕ್ಯಾಮೆರಾಗಳ ಗೊಂಚಲು, ಪಕ್ಕದಲ್ಲಿ ಗಿರಗಿರನೆ ತಿರುಗುವ ಒಂದು ಡಬ್ಬಿ. ಇಂಥ ಕಾರು ಯಾವುದೇ ಊರಿನ ಮೇನ್ ರೋಡಲ್ಲಿ ನಿಧಾನಕ್ಕೆ ಹೋದರೆ ಸಾಕು, ಸಂಜೆಯೊಳಗೆ ಪೇಟೆ ತುಂಬ ಒಂದೇ ಮಾತು: ರಸ್ತೆ ಅಗಲ ಮಾಡ್ತಾರಂತೆ, ಅಂಗಡಿ ಎಷ್ಟು ಅಡಿ ಹೋಗುತ್ತೋ ಏನೋ. ಕೆಲವರು ಕಂದಾಯ ಹೆಚ್ಚಿಸೋಕೆ ಬಂದಿದ್ದಾರೆ ಅಂತಾರೆ. ಇನ್ನು ಕೆಲವರು ಗೂಗಲ್‌ನವರು ಇರಬೇಕು ಬಿಡಿ ಅಂತಾರೆ.

ಈ ಮೂರರಲ್ಲಿ ಯಾವುದಾದರೂ ನಿಜ ಇರಬಹುದು, ಯಾವುದೂ ಅಲ್ಲದೆಯೂ ಇರಬಹುದು. ಕಾರು ನೋಡಿ ಅದನ್ನು ಹೇಳೋಕೆ ಆಗಲ್ಲ. ಆದರೆ ಆ ಕಾರು ಏನು ಮಾಡಬಲ್ಲದು, ಏನು ಮಾಡಲಾರದು ಅನ್ನೋದನ್ನು ಖಚಿತವಾಗಿ ಹೇಳಬಹುದು. ಒಂದೇ ಮಾತಲ್ಲಿ ಹೇಳೋದಾದ್ರೆ, ಅದು ಕಣ್ಣಿಗೆ ಕಾಣುವುದನ್ನು ಅಳೆಯುತ್ತೆ. ಜಾಗ ಯಾರದ್ದು ಅನ್ನೋದನ್ನು ಅಳೆಯಲ್ಲ. ಈ ವ್ಯತ್ಯಾಸ ಗೊತ್ತಿದ್ದವರಿಗೆ ಸುಮ್ಮನೆ ಭಯ ಇರಲ್ಲ, ಕೆಲಸ ಆಗಬೇಕಾದಾಗ ಏನು ಕೇಳಬೇಕು ಅನ್ನೋದೂ ತಿಳಿಯುತ್ತೆ.

ಮೊಬೈಲ್ ಮ್ಯಾಪಿಂಗ್: ಇಲ್ಲಿ ಮೊಬೈಲ್ ಅಂದ್ರೆ ಫೋನ್ ಅಲ್ಲ

ಈ ಕೆಲಸಕ್ಕೆ ಮೊಬೈಲ್ ಮ್ಯಾಪಿಂಗ್ ಅಂತ ಹೆಸರು. ಇಲ್ಲಿ ಮೊಬೈಲ್ ಅಂದರೆ ಚಲಿಸುವಂಥದ್ದು ಅಂತ ಅರ್ಥ. ಓಡುತ್ತಲೇ ಅಳತೆ ತೆಗೆಯುವ ವಿಧಾನ ಇದು. ಉಪಕರಣ ಕಾರಿನ ಮೇಲಿರಬಹುದು, ಬೈಕ್ ಮೇಲಿರಬಹುದು, ರೈಲ್ವೆ ಟ್ರಾಲಿ, ದೋಣಿ ಮೇಲೂ ಇರಬಹುದು. ಕಾರು ಹೋಗದ ಸಂದಿಗಳಲ್ಲಿ ಬೆನ್ನಿಗೆ ಕಟ್ಟಿಕೊಂಡು ನಡೆಯುವವರೂ ಇದ್ದಾರೆ.

ಹಳೇ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಸರ್ವೆಯರ್ 33 ಅಡಿ ಸರಪಳಿ ಹಿಡಿದು ಹೊಲದಲ್ಲಿ ನಡೆಯೋರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ 1,089 ಚದರ ಅಡಿ, ಅದೇ ನಮ್ಮ ಗುಂಟೆ. ಅಂಥ 40 ಸೇರಿದರೆ ಎಕರೆ. ಆಮೇಲೆ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕೂರಿಸುವ ಟೋಟಲ್ ಸ್ಟೇಷನ್ ಬಂತು, ಈಗ ಕೋಲಿನ ತುದಿಯಲ್ಲಿ ಅಣಬೆ ಥರ ಇರುವ ರೋವರ್ ಬಂದಿದೆ. ಇವೆಲ್ಲದರಲ್ಲೂ ಯಾವ ಜಾಗ ಅಳೆಯಬೇಕು ಅಂತ ಮನುಷ್ಯ ತೀರ್ಮಾನ ಮಾಡ್ತಾನೆ, ಅಲ್ಲಿ ಹೋಗಿ ನಿಲ್ತಾನೆ, ಒಂದೊಂದೇ ಬಿಂದು ಅಳೀತಾನೆ.

ಮೊಬೈಲ್ ಮ್ಯಾಪಿಂಗ್‌ನಲ್ಲಿ ಹಾಗಲ್ಲ. ಕಾರು ಹೋದ ದಾರಿಯ ಎರಡೂ ಬದಿಯಲ್ಲಿ ಕಂಡಿದ್ದೆಲ್ಲ ಅಳತೆಗೆ ಬರುತ್ತೆ. ರಸ್ತೆ, ಗುಂಡಿ, ಚರಂಡಿಯ ಕಲ್ಲು, ಕರೆಂಟ್ ಕಂಬ, ತಂತಿ, ಮರ, ಅಂಗಡಿ ಬೋರ್ಡು, ಮುಂದೆ ಚಾಚಿದ ಶೀಟು, ಕಟ್ಟೆ, ನಿಂತ ಸ್ಕೂಟರ್, ನಡೆದು ಹೋಗುತ್ತಿದ್ದ ಜನ, ಎಲ್ಲವೂ. ಯಾವುದು ಬೇಕು, ಯಾವುದು ಬೇಡ ಅಂತ ಆಮೇಲೆ ಆಫೀಸಲ್ಲಿ ಕೂತು ಆರಿಸ್ತಾರೆ.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ಗೆರೆಯನ್ನು ಸರಪಳಿಯಲ್ಲಿ ಅಳೆಯೋಕೆ ವಾರಗಟ್ಟಲೆ ತಗೊಂಡಿದ್ದರು. ಅಷ್ಟೇ ಉದ್ದವನ್ನು ಗಂಟೆಗೆ 40 ಕಿ.ಮೀ. ವೇಗದ ಕಾರು ಇಪ್ಪತ್ತು ನಿಮಿಷದಲ್ಲಿ ದಾಟುತ್ತೆ.

ಕಾರಿನ ಮೇಲೆ ಏನೇನು ಇರುತ್ತೆ?

ನೋಡೋಕೆ ಒಂದೇ ಯಂತ್ರದ ಥರ ಕಂಡರೂ ಅದರಲ್ಲಿ ಐದು ಉಪಕರಣ ಸೇರಿ ಕೆಲಸ ಮಾಡ್ತವೆ.

ಒಂದು, ಉಪಗ್ರಹದ ಆಂಟೆನಾ. ಅಮೆರಿಕದ ಜಿಪಿಎಸ್, ನಮ್ಮ ಇಸ್ರೋದ ನಾವಿಕ್ ಥರದ ಉಪಗ್ರಹಗಳಿಂದ ಸಿಗ್ನಲ್ ಪಡೆದು ಕಾರು ಭೂಮಿ ಮೇಲೆ ಎಲ್ಲಿದೆ ಅಂತ ಹೇಳುತ್ತೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಸಿಗ್ನಲ್ ಬರೋಕೆ ಹಿಡಿದ ಸಮಯದಿಂದ ದೂರ ಲೆಕ್ಕ ಹಾಕ್ತಾರೆ.

ಎರಡು, ಜಡತ್ವ ಮಾಪಕ. ಇಂಗ್ಲಿಷಲ್ಲಿ ಐಎಂಯು ಅಂತಾರೆ. ಕಾರು ಎಷ್ಟು ವಾಲಿತು, ಯಾವ ಕಡೆ ತಿರುಗಿತು, ಹಂಪ್ ಮೇಲೆ ಎಷ್ಟು ಎಗರಿತು ಅನ್ನೋದನ್ನು ಸೆಕೆಂಡಿಗೆ ನೂರಾರು ಸಲ ಬರೆದಿಡುತ್ತೆ. ಫೋನನ್ನು ಅಡ್ಡ ಹಿಡಿದರೆ ಪರದೆ ತಿರುಗುತ್ತಲ್ಲ, ಅದೇ ತತ್ವ. ಆದರೆ ಅದಕ್ಕಿಂತ ಬಹಳ ಸೂಕ್ಷ್ಮ, ಬೆಲೆಯೂ ಬಹಳ ಜಾಸ್ತಿ.

ಮೂರು, ಚಕ್ರಕ್ಕೆ ಕಟ್ಟಿದ ಮೀಟರ್. ಚಕ್ರ ಎಷ್ಟು ಸುತ್ತಿತು ಅನ್ನೋದರಿಂದ ಎಷ್ಟು ದೂರ ಬಂದಿದೆ ಅಂತ ಗೊತ್ತಾಗುತ್ತೆ.

ನಾಲ್ಕು, ಲೇಸರ್ ಸ್ಕ್ಯಾನರ್, ಅಂದರೆ ಲೈಡಾರ್. ಗಿರಗಿರ ತಿರುಗುವ ಡಬ್ಬಿ ಇದೇ. ಲೇಸರ್ ಬೆಳಕು ಬಿಡುತ್ತೆ, ಅದು ಗೋಡೆಗೆ ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡುತ್ತೆ. ಅಂಗಡಿ ಬಾಗಿಲು 10 ಮೀಟರ್ ದೂರ ಇದ್ದರೆ ಬೆಳಕು ಹೋಗಿ ಬರೋಕೆ ಬೇಕಾದ್ದು ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಸುಮಾರು 67 ಭಾಗ ಮಾತ್ರ. ಇಂಥ ಅಳತೆಯನ್ನು ಒಳ್ಳೆ ಸ್ಕ್ಯಾನರ್ ಸೆಕೆಂಡಿಗೆ ಹತ್ತು ಲಕ್ಷ ಸಲ ಮಾಡಬಲ್ಲದು.

ಐದು, ಕ್ಯಾಮೆರಾಗಳು. ಸುತ್ತಲಿನ ಫೋಟೋ ತೆಗೀತವೆ. ಲೇಸರ್‌ಗೆ ಬೋರ್ಡಿನ ಅಕ್ಷರ ಓದೋದು ಕಷ್ಟ, ಕ್ಯಾಮೆರಾಗೆ ದೂರ ಅಳೆಯೋದು ಕಷ್ಟ. ಎರಡೂ ಸೇರಿದರೆ ಯಾವ ಅಂಗಡಿ, ಎಷ್ಟು ಅಗಲ ಅನ್ನೋದು ಒಟ್ಟಿಗೆ ಸಿಗುತ್ತೆ.

ಲೇಸರ್ ಅಂದ ತಕ್ಷಣ ಕಣ್ಣಿಗೆ ತೊಂದರೆ ಆಗುತ್ತಾ, ಮಕ್ಕಳು ನೋಡಿಬಿಟ್ಟರೆ ಏನು ಗತಿ ಅಂತ ಕೇಳುವವರಿದ್ದಾರೆ. ರಸ್ತೆ ಸರ್ವೆಗೆ ಬಳಸುವ ಹೆಚ್ಚಿನ ಸ್ಕ್ಯಾನರ್‌ಗಳು ಕಣ್ಣಿಗೆ ಅಪಾಯವಿಲ್ಲದ 1ನೇ ವರ್ಗದವು. ಇನ್ನೊಂದು ಅನುಮಾನ, ಮನೆ ಒಳಗೆಲ್ಲ ಕಾಣುತ್ತಾ ಅಂತ. ಲೇಸರ್ ಗೋಡೆ ದಾಟಲ್ಲ. ತೆರೆದ ಬಾಗಿಲು, ಕಿಟಕಿ ಗಾಜಿನ ಮೂಲಕ ಹೊರಗಿನಿಂದ ನಿಮ್ಮ ಕಣ್ಣಿಗೆ ಎಷ್ಟು ಕಾಣುತ್ತೋ ಹೆಚ್ಚುಕಡಿಮೆ ಅಷ್ಟೇ. ನೆಲದ ಒಳಗಿನ ನೀರಿನ ಪೈಪು, ಯುಜಿಡಿ ಲೈನು ಕೂಡ ಇದಕ್ಕೆ ಕಾಣಲ್ಲ. ಅದಕ್ಕೆ ನೆಲದೊಳಗೆ ರೇಡಿಯೋ ಅಲೆ ಬಿಡುವ ಬೇರೆ ಯಂತ್ರ ಬೇಕು.

ಚುಕ್ಕಿಯಿಂದ ನಕ್ಷೆ ಆಗೋದು ಹೇಗೆ?

ಕಾರು ಊರು ಸುತ್ತಿ ಬಂದಾಗ ಸಿಗೋದು ನಕ್ಷೆ ಅಲ್ಲ, ಕೋಟಿಗಟ್ಟಲೆ ಚುಕ್ಕಿ. ಒಂದೊಂದು ಚುಕ್ಕಿಗೂ ಉದ್ದ, ಅಗಲ, ಎತ್ತರದ ಮೂರು ಸಂಖ್ಯೆ ಇರುತ್ತೆ. ಕಂಪ್ಯೂಟರಲ್ಲಿ ನೋಡಿದರೆ ರಂಗೋಲಿ ಪುಡಿಯಲ್ಲೇ ಇಡೀ ಬೀದಿ ಮಾಡಿ ನಿಲ್ಲಿಸಿದ ಹಾಗೆ ಕಾಣುತ್ತೆ. ಇದಕ್ಕೆ ಪಾಯಿಂಟ್ ಕ್ಲೌಡ್, ಅಂದರೆ ಚುಕ್ಕಿ ಮೋಡ ಅಂತಾರೆ.

ಇಲ್ಲಿ ಒಂದು ತೊಡಕಿದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತೆ. ಹಾಗಾಗಿ ಲೇಸರ್ ಬಿಟ್ಟ ಕ್ಷಣದಲ್ಲಿ ಕಾರು ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಅನ್ನೋದು ಕರಾರುವಾಕ್ಕಾಗಿ ಗೊತ್ತಿರಬೇಕು. ದಿಕ್ಕಿನಲ್ಲಿ ಬರೀ 0.1 ಡಿಗ್ರಿ ತಪ್ಪಾದರೂ 20 ಮೀಟರ್ ದೂರದ ಗೋಡೆ ನಕ್ಷೆಯಲ್ಲಿ 3.5 ಸೆಂ.ಮೀ. ಪಕ್ಕಕ್ಕೆ ಸರಿಯುತ್ತೆ. ಅದಕ್ಕೇ ಉಪಗ್ರಹ, ಜಡತ್ವ ಮಾಪಕ, ಚಕ್ರದ ಮೀಟರ್ ಮೂರರ ಲೆಕ್ಕವನ್ನೂ ಆಮೇಲೆ ಕೂಡಿಸಿ ತಾಳೆ ನೋಡ್ತಾರೆ.

ಇನ್ನೊಂದು ಆಸರೆ ಅಂದ್ರೆ ನೆಲದ ಮೇಲಿನ ಸ್ಥಿರ ಕೇಂದ್ರಗಳು. ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶದ ಉದ್ದಗಲಕ್ಕೂ ಕಾರ್ಸ್ ಅನ್ನೋ ಕೇಂದ್ರಗಳ ಜಾಲ ಹಾಕಿದೆ. ಈ ಜಾಲ ಮೊದಮೊದಲು ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂದೇ ಕಡೆ ಕದಲದೆ ಕೂತಿರುವ ಈ ಕೇಂದ್ರಕ್ಕೆ ತನ್ನ ಜಾಗ ಗೊತ್ತಿರುತ್ತೆ. ಉಪಗ್ರಹ ಹೇಳುವ ಜಾಗಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ಸುತ್ತಮುತ್ತಲಿನ ಸರ್ವೆಗೆ ತಿದ್ದುಪಡಿ ಕೊಡುತ್ತೆ. ಈಗ ಸರ್ವೆಯರ್‌ಗಳು ಹಿಡಿದು ಓಡಾಡುವ ರೋವರ್ ಕೂಡ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತೆ.

ಸರ್ವೆಗೆ ಮುಂಚೆ ಕೆಲವು ಕಡೆ ರಸ್ತೆ ಮೇಲೆ ಬಿಳಿ ಬಣ್ಣದಲ್ಲಿ ಅಡ್ಡ ಗೀಟು, ಚೌಕದ ಗುರುತು ಹಾಕಿರ್ತಾರೆ. ಅವನ್ನು ಬೇರೆಯಾಗಿ ಅಳೆದು ಇಟ್ಟುಕೊಂಡು ಕಾರಿನ ಅಳತೆ ಸರಿ ಇದೆಯಾ ಅಂತ ನೋಡೋಕೆ ಅದು. ಅಗಲೀಕರಣಕ್ಕೆ ಅಂತ ಕಟ್ಟಡದ ಗೋಡೆ ಮೇಲೆ ಅಡಿ ಲೆಕ್ಕ ಬರೆದು ಹಾಕುವ ಗುರುತು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಗಾಬರಿ ಆಗಬೇಕಿಲ್ಲ.

ಎಷ್ಟು ನಿಖರ? ಎಲ್ಲಿ ತಪ್ಪುತ್ತೆ?

ಆಕಾಶ ತೆರೆದಿರುವ ರಸ್ತೆಯಲ್ಲಿ, ಒಳ್ಳೆ ಉಪಕರಣ ಇಟ್ಟು, ನೆಲದ ಗುರುತುಗಳ ಜೊತೆ ತಾಳೆ ನೋಡಿದರೆ ಕೆಲವೇ ಸೆಂಟಿಮೀಟರ್ ವ್ಯತ್ಯಾಸದಲ್ಲಿ ಅಳತೆ ಸಿಗುತ್ತೆ. ಹೋಲಿಕೆಗೆ ನಮ್ಮ ಕೈಲಿರುವ ಫೋನ್ ತಗೊಳ್ಳಿ. ಬಯಲಲ್ಲಿ ನಿಂತರೂ ಅದರ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತೆ. 5 ಮೀಟರ್ ಅಂದರೆ 16 ಅಡಿ. ಹತ್ತಡಿ ಅಗಲದ ಅಂಗಡಿ ಇಟ್ಟವರಿಗೆ ಅದು ಪಕ್ಕದವರ ಅಂಗಡಿ! ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡುವವರು ಇದನ್ನು ನೆನಪಿಡಬೇಕು. ಯಾವ ಸರ್ವೆ ನಂಬರ್ ಸುತ್ತಮುತ್ತ ಇದ್ದೇವೆ ಅಂತ ತಿಳಿಯೋಕೆ ಆ್ಯಪ್ ಒಳ್ಳೇದು. ಬದು ಎಲ್ಲಿ ಅಂತ ಜಗಳ ತೀರಿಸೋಕೆ ಅಲ್ಲ.

ಕಾರಿನ ಅಳತೆಯೂ ಎಲ್ಲ ಕಡೆ ಒಂದೇ ಥರ ಇರಲ್ಲ. ಹಳೇ ಪೇಟೆಯ ಕಿರಿದಾದ ಬೀದಿ, ಎರಡೂ ಕಡೆ ಮೂರಂತಸ್ತಿನ ಕಟ್ಟಡ, ಮೇಲೆ ದೊಡ್ಡ ಮರದ ನೆರಳು ಇದ್ದರೆ ಉಪಗ್ರಹದ ಸಿಗ್ನಲ್ ನೇರವಾಗಿ ಬರಲ್ಲ. ಗೋಡೆಗೆ ಬಡಿದು ಸುತ್ತಿ ಬಳಸಿ ಬರುತ್ತೆ, ದೂರ ಜಾಸ್ತಿ ತೋರಿಸುತ್ತೆ. ಸ್ವಲ್ಪ ಹೊತ್ತು ಜಡತ್ವ ಮಾಪಕ ಸಂಭಾಳಿಸುತ್ತೆ, ಹೊತ್ತು ಹೆಚ್ಚಾದಷ್ಟೂ ತಪ್ಪು ಬೆಳೀತಾ ಹೋಗುತ್ತೆ. ಆಗ ಸೆಂಟಿಮೀಟರ್ ಲೆಕ್ಕ ಅಡಿ ಲೆಕ್ಕಕ್ಕೆ ಬರಬಹುದು.

ಮರೆಯಾಗಿದ್ದು ಅಳತೆಗೆ ಸಿಗಲ್ಲ. ಅಂಗಡಿ ಮುಂದೆ ಲಾರಿ ನಿಂತಿದ್ದರೆ ಅದರ ಹಿಂದಿನ ಗೋಡೆ ಜಾಗದಲ್ಲಿ ನಕ್ಷೆಯಲ್ಲಿ ತೂತು. ಸಂತೆ ದಿನ ಸರ್ವೆ ಆದರೆ ತರಕಾರಿ ಗುಡ್ಡೆ, ಟಾರ್ಪಾಲ್ ಎಲ್ಲ ಬಂದು ಕೂತಿರುತ್ತೆ. ಫ್ಲೆಕ್ಸ್ ಬೋರ್ಡನ್ನೇ ಗೋಡೆ ಅಂದುಕೊಳ್ಳುವುದೂ ಉಂಟು. ಗಾಜಿನ ಬಾಗಿಲಲ್ಲಿ ಬೆಳಕು ತೂರಿ ಹೋಗುತ್ತೆ, ಇಲ್ಲವೇ ಕನ್ನಡಿ ಥರ ಬೇರೆ ಕಡೆ ಚಿಮ್ಮುತ್ತೆ. ಮಳೆ ಹನಿ, ನಿಂತ ನೀರು ಕೂಡ ಅಳತೆ ಕೆಡಿಸುತ್ತವೆ. ಕಟ್ಟಡದ ಹಿಂದಿನ ಗೋಡೆಯಂತೂ ರಸ್ತೆಯಿಂದ ಕಾಣೋದೇ ಇಲ್ಲ. ಹಾಗಾಗಿ ನಿವೇಶನ ಎಷ್ಟು ಉದ್ದ ಅನ್ನೋದು ಕಾರಿಗೆ ಗೊತ್ತಾಗಲ್ಲ, ಮುಖದ ಅಗಲ ಮಾತ್ರ ಗೊತ್ತಾಗುತ್ತೆ.

ಎಲ್ಲಿಂದ ಬಂತು ಈ ತಂತ್ರಜ್ಞಾನ?

ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು 1990ರ ದಶಕದ ಆರಂಭದಲ್ಲಿ ವ್ಯಾನ್ ಮೇಲೆ ಜಿಪಿಎಸ್, ಕ್ಯಾಮೆರಾ ಕೂರಿಸಿ ಜಿಪಿಎಸ್‌ವ್ಯಾನ್ ಅನ್ನೋ ವಾಹನ ಓಡಿಸಿದರು. ಅದೇ ದಶಕದಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ವಿಸಾಟ್ ವ್ಯಾನ್ ತಯಾರಾಯ್ತು. ಆಗ ಅಮೆರಿಕದ ಸೇನೆ ಸಾಮಾನ್ಯ ಜನರ ಜಿಪಿಎಸ್ ಸಿಗ್ನಲನ್ನು ಬೇಕಂತಲೇ ಮಸುಕು ಮಾಡಿಡುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆ ಎಲ್ಲರ ಜಿಪಿಎಸ್ ಸುಧಾರಿಸಿತು. 2007ರ ಮೇನಲ್ಲಿ ಗೂಗಲ್ ತನ್ನ ಸ್ಟ್ರೀಟ್ ವ್ಯೂ ಶುರು ಮಾಡಿತು. ಕ್ಯಾಮೆರಾ ಕಾರು ಅಂದರೆ ಜನಕ್ಕೆ ಗೂಗಲ್ ನೆನಪಾಗೋದು ಇದರಿಂದಲೇ.

ಭಾರತದಲ್ಲಿ ಈ ಕಥೆ ಶುರುವಾಗಿದ್ದು ನಮ್ಮ ಬೆಂಗಳೂರಲ್ಲಿ. 2011ರಲ್ಲಿ ಅಲ್ಲಿ ಗೂಗಲ್ ಕಾರುಗಳು ಫೋಟೋ ತೆಗೆಯೋಕೆ ಶುರು ಮಾಡಿದವು, ಕೆಲವೇ ವಾರದಲ್ಲಿ ಭದ್ರತೆ ಕಾರಣ ಹೇಳಿ ಪೊಲೀಸರು ನಿಲ್ಲಿಸಿದರು. 2016ರಲ್ಲಿ ಕೇಂದ್ರ ಸರ್ಕಾರವೂ ಒಪ್ಪಿಗೆ ಕೊಡಲಿಲ್ಲ. ಕೊನೆಗೆ 2022ರ ಜುಲೈ 27ರಂದು ಬೆಂಗಳೂರು ಸೇರಿ ಹತ್ತು ನಗರಗಳಲ್ಲಿ ಸ್ಟ್ರೀಟ್ ವ್ಯೂ ಬಂತು. ಆದರೆ ಈ ಸಲ ಕಾರು ಓಡಿಸಿ ಚಿತ್ರ ತೆಗೆದಿದ್ದು ಭಾರತದ ಜೆನೆಸಿಸ್ ಇಂಟರ್‌ನ್ಯಾಷನಲ್ ಮತ್ತು ಟೆಕ್ ಮಹೀಂದ್ರ ಕಂಪನಿಗಳು. ಮ್ಯಾಪ್‌ಮೈಇಂಡಿಯಾ ಕೂಡ ರಿಯಲ್‌ವ್ಯೂ ಅನ್ನೋ ಹೆಸರಲ್ಲಿ ಇಂಥದ್ದೇ ಸೇವೆ ಕೊಡ್ತಿದೆ.

ಯಾರು ಬೇಕಾದ್ರೂ ಸರ್ವೆ ಮಾಡಬಹುದಾ?

ಮಧ್ಯದಲ್ಲಿ ಬದಲಾಗಿದ್ದು ನಿಯಮ. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಭೂಪ್ರಾದೇಶಿಕ ದತ್ತಾಂಶದ ಮಾರ್ಗಸೂಚಿ ಹೊರಡಿಸಿತು. ಅದಕ್ಕೂ ಮುಂಚೆ ನಕ್ಷೆ ಕೆಲಸಕ್ಕೆ ಹೆಜ್ಜೆಹೆಜ್ಜೆಗೂ ಅನುಮತಿ ಬೇಕಿತ್ತು. ಈಗ ಭಾರತೀಯ ಸಂಸ್ಥೆಗಳಿಗೆ ಮೊದಲೇ ಅನುಮತಿ ಬೇಕಿಲ್ಲ, ನಿಯಮ ಪಾಲಿಸ್ತೇವೆ ಅಂತ ತಾವೇ ಪ್ರಮಾಣ ಮಾಡಿಕೊಂಡರೆ ಸಾಕು.

ವಿದೇಶಿ ಕಂಪನಿಗಳಿಗೆ ಮಾತ್ರ ಮಿತಿ ಇದೆ. ಅಡ್ಡಳತೆಯಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ಸೂಕ್ಷ್ಮವಾದ ದತ್ತಾಂಶ ತಯಾರಿಸುವ, ಇಟ್ಟುಕೊಳ್ಳುವ ಹಕ್ಕು ಭಾರತೀಯ ಸಂಸ್ಥೆಗಳದ್ದು, ಅದನ್ನು ಇಡಬೇಕಾದ್ದೂ ಭಾರತದಲ್ಲೇ. ನೆಲದ ಮೇಲಿನ ಮೊಬೈಲ್ ಮ್ಯಾಪಿಂಗ್ ಮತ್ತು ಸ್ಟ್ರೀಟ್ ವ್ಯೂ ಸರ್ವೆಯನ್ನಂತೂ, ಅಳತೆ ಎಷ್ಟೇ ಒರಟಾಗಿರಲಿ, ಭಾರತೀಯ ಸಂಸ್ಥೆಗಳೇ ಮಾಡಬೇಕು ಅಂತ ಆ ಮಾರ್ಗಸೂಚಿಯಲ್ಲಿ ಹೆಸರಿಟ್ಟೇ ಹೇಳಿದೆ. 2022ರ ಡಿಸೆಂಬರ್ 28ರಂದು ಬಂದ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಈ ದಾರಿಯನ್ನೇ ಮುಂದುವರಿಸಿತು.

ಅಂದರೆ ಬೀದಿಗೆ ಬಂದ ಕಾರು ಸರ್ಕಾರದ್ದೇ ಆಗಿರಬೇಕು ಅಂತೇನಿಲ್ಲ. ಖಾಸಗಿ ಮ್ಯಾಪ್ ಕಂಪನಿ ತನ್ನ ವ್ಯಾಪಾರಕ್ಕೂ ಬಂದಿರಬಹುದು. ಯಾರ ಕೆಲಸ ಅಂತ ಕೇಳೋದು ಅದಕ್ಕೇ ಮುಖ್ಯ.

ಯಾವ ಕೆಲಸಕ್ಕೆ ಬಳಸ್ತಾರೆ?

ರಸ್ತೆ ಸ್ಥಿತಿ ನೋಡೋಕೆ ಇದರ ಬಳಕೆ ಹೆಚ್ಚು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಲೇಸರ್ ಮತ್ತು 360 ಡಿಗ್ರಿ ಕ್ಯಾಮೆರಾ ಇರುವ ವಾಹನಗಳಿಂದ 23 ರಾಜ್ಯಗಳಲ್ಲಿ 20 ಸಾವಿರ ಕಿ.ಮೀ.ಗೂ ಹೆಚ್ಚು ಹೆದ್ದಾರಿ ಸರ್ವೆಗೆ ಕೈ ಹಾಕಿದೆ. ಬಿರುಕು, ಗುಂಡಿ, ತೇಪೆ ಎಲ್ಲಿದೆ ಅಂತ ಮನುಷ್ಯ ಇಳಿದು ನೋಡದೆಯೇ ದಾಖಲಾಗುತ್ತೆ. ಅಂದರೆ ಹೆದ್ದಾರಿಯಲ್ಲಿ ಕಂಡ ಕ್ಯಾಮೆರಾ ಗಾಡಿ ಎಷ್ಟೋ ಸಲ ನೋಡ್ತಿರೋದು ನಿಮ್ಮ ಅಂಗಡಿಯನ್ನಲ್ಲ, ಡಾಂಬರನ್ನು.

ಬೀದಿ ದೀಪದ ಕಂಬ ಎಣಿಸೋಕೆ, ವಾಲಿದ ಕಂಬ, ಜೋತುಬಿದ್ದ ತಂತಿ ಗುರುತಿಸೋಕೆ, ರೈಲ್ವೆ ಹಳಿ ಪಕ್ಕದ ಅಂತರ ನೋಡೋಕೆ, ಆಸ್ತಿ ತೆರಿಗೆ ಲೆಕ್ಕದಲ್ಲಿ ಕಟ್ಟಡ ಎಷ್ಟು ಮಹಡಿ ಅಂತ ತಾಳೆ ನೋಡೋಕೂ ಈ ಥರದ ದತ್ತಾಂಶ ಬಳಸಬಹುದು. ಒಂದೇ ಮಹಡಿಗೆ ತೆರಿಗೆ ಕಟ್ಟಿ ಮೂರು ಮಹಡಿ ಕಟ್ಟಿದವರಿಗೆ ಇದು ಇಷ್ಟವಾಗಲಿಕ್ಕಿಲ್ಲ.

ಆದರೆ ಜನರ ಪರವಾಗಿ ಬಳಸಬಹುದಾದ್ದೂ ಇದರಲ್ಲಿದೆ. ಎಷ್ಟೋ ಪೇಟೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರ ಆಗಿದೆ, ಅಂಗಡಿ ನೆಲ ತಗ್ಗಾಗಿದೆ. ಜೋರು ಮಳೆ ಬಂದರೆ ನೀರು ಚರಂಡಿ ಬಿಟ್ಟು ಶಟರ್ ಕೆಳಗೆ ನುಗ್ಗುತ್ತೆ. ದೂರು ಕೊಟ್ಟರೆ ಚರಂಡಿ ಸರಿ ಇದೆ ಅಂತ ಉತ್ತರ ಬರುತ್ತೆ. ಮೊಬೈಲ್ ಮ್ಯಾಪಿಂಗ್ ಎತ್ತರವನ್ನೂ ಅಳೆಯೋದರಿಂದ ರಸ್ತೆ ಎಷ್ಟು ಮೇಲಿದೆ, ಹೊಸ್ತಿಲು ಎಷ್ಟು ಕೆಳಗಿದೆ ಅನ್ನೋದು ಸಂಖ್ಯೆಯಲ್ಲೇ ಸಿಗುತ್ತೆ. ಚರಂಡಿ ತೆರೆದಿದ್ದು ಒಣಗಿದ್ದರೆ ಅದರ ಇಳಿಜಾರು ಯಾವ ಕಡೆ ಅಂತಲೂ ತಿಳಿಯುತ್ತೆ. ನಿಮ್ಮ ಊರಲ್ಲಿ ಸರ್ಕಾರಿ ಸಂಸ್ಥೆ ಇಂಥ ಸರ್ವೆ ಮಾಡಿಸಿದ್ದರೆ ವರ್ತಕರ ಸಂಘ ಈ ಲೆಕ್ಕ ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು.

ಡ್ರೋನ್ ಸರ್ವೆ ಇದೇನಾ?

ಅಲ್ಲ, ಬೇರೆ. ಹಳ್ಳಿಗಳಲ್ಲಿ ನಡೆಯುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಶುರುವಾಗಿದ್ದು. ಅದರಲ್ಲಿ ಡ್ರೋನ್ ಗ್ರಾಮಠಾಣಾ ಮೇಲೆ ಹಾರಿ ಚಿತ್ರ ತೆಗೆಯುತ್ತೆ. ಅದಕ್ಕೂ ಮುಂಚೆ ಮನೆ, ಹಿತ್ತಿಲಿನ ಗಡಿಗೆ ಸುಣ್ಣದ ಗೆರೆ ಎಳೀತಾರೆ. ಡ್ರೋನ್ ಅಳೆಯೋದು ಆ ಗೆರೆಯನ್ನು. ಗೆರೆ ಎಳೆಯುವ ದಿನ ಮನೆಯವರು ಅಲ್ಲಿಲ್ಲದೆ ಹೋದರೆ, ಗೆರೆ ತಪ್ಪಿದರೆ, ಡ್ರೋನ್ ಆ ತಪ್ಪನ್ನೇ ಬಹಳ ನಿಖರವಾಗಿ ಅಳೆದು ಕೊಡುತ್ತೆ.

ಪಟ್ಟಣಗಳಿಗೆ 2025ರ ಫೆಬ್ರವರಿ 18ರಂದು ಕೇಂದ್ರ ಸರ್ಕಾರ ನಕ್ಷಾ ಅನ್ನೋ ಕಾರ್ಯಕ್ರಮ ಶುರು ಮಾಡಿತು. ಮೊದಲ ಹಂತದಲ್ಲಿ ದೇಶದ 152 ನಗರ ಸ್ಥಳೀಯ ಸಂಸ್ಥೆಗಳಲ್ಲಿ ಆಕಾಶದಿಂದ ಚಿತ್ರ ತೆಗೆದು ಆಸ್ತಿ ನಕ್ಷೆ ಮಾಡುವ ಕೆಲಸ ಅದು. ಮೇಲಿನಿಂದ ತೆಗೆದ ಚಿತ್ರದಲ್ಲಿ ಮನೆಯ ತಾರಸಿ ಕಾಣುತ್ತೆ, ಸಜ್ಜಾದ ಕೆಳಗಿನ ಗೋಡೆ ಕಾಣಲ್ಲ. ಕಾರಿಗೆ ಗೋಡೆ ಕಾಣುತ್ತೆ, ಹಿತ್ತಿಲು ಕಾಣಲ್ಲ. ಹಾಗಾಗಿ ಯಾವುದೇ ಒಂದರಿಂದ ಪೂರ್ತಿ ಚಿತ್ರ ಸಿಗಲ್ಲ, ಕೊನೆಗೆ ಮನುಷ್ಯ ಸ್ಥಳಕ್ಕೆ ಬಂದು ದಾಖಲೆ ನೋಡಲೇಬೇಕು.

ಕಾರು ಅಳೆಯದೇ ಇರುವುದು: ಹಕ್ಕು

ಪೇಟೆ ಬೀದಿಯ ಒಂದು ಸಾಮಾನ್ಯ ಅಂಗಡಿ ತಗೊಳ್ಳಿ. ಗೋಡೆ ಒಂದು ಕಡೆ ಇದೆ. ಅದರ ಮುಂದೆ ಎರಡಡಿ ಕಟ್ಟೆ, ಅದರ ಮುಂದೆ ಚರಂಡಿ, ಚರಂಡಿ ಮೇಲೆ ಚಪ್ಪಡಿ, ಮೇಲೆ ಮೂರಡಿ ಶೀಟು. ಕಾರು ಇವೆಲ್ಲವನ್ನೂ ಸೆಂಟಿಮೀಟರ್ ಲೆಕ್ಕದಲ್ಲಿ ಹಿಡಿಯುತ್ತೆ. ಆದರೆ ಮಾಲೀಕನ ಜಾಗ ಗೋಡೆಗೆ ಮುಗಿಯಿತಾ, ಕಟ್ಟೆಗೆ ಮುಗಿಯಿತಾ, ಚರಂಡಿವರೆಗೂ ಇದೆಯಾ ಅನ್ನೋದು ಯಾವ ಚುಕ್ಕಿಯಲ್ಲೂ ಬರೆದಿರಲ್ಲ. ಅಜ್ಜನ ಕಾಲದಲ್ಲಿ ರಸ್ತೆಗೆ ಅಂತ ತಾವಾಗಿಯೇ ಮೂರಡಿ ಬಿಟ್ಟು ಕಟ್ಟಿದ್ದರೆ ಅದೂ ಕಾಣಲ್ಲ, ಅಪ್ಪನ ಕಾಲದಲ್ಲಿ ಮೂರಡಿ ಮುಂದೆ ಬಂದಿದ್ದರೆ ಅದೂ ಕಾಣಲ್ಲ. ಎರಡೂ ಕಡೆ ಯಂತ್ರಕ್ಕೆ ಸಿಗೋದು ಒಂದು ಗೋಡೆ ಮಾತ್ರ.

ಅದನ್ನು ಹೇಳೋದು ಕಾಗದ. ಕ್ರಯಪತ್ರ, ಅದರಲ್ಲಿರುವ ಚೆಕ್ಕುಬಂದಿ ಮತ್ತು ಅಳತೆ, ಪಟ್ಟಣದಲ್ಲಿ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11, ಸಿಟಿ ಸರ್ವೆ ಆದ ಊರಲ್ಲಿ ಸಿಟಿಎಸ್ ದಾಖಲೆ, ಜಮೀನಾದರೆ ಪಹಣಿ, ಟಿಪ್ಪಣಿ, ಹದ್ದುಬಸ್ತು ನಕ್ಷೆ. ಮೊಬೈಲ್ ಮ್ಯಾಪಿಂಗ್‌ನ ನಕ್ಷೆಯನ್ನು ಇವುಗಳ ಮೇಲೆ ಇಟ್ಟು ನೋಡಿದಾಗ ಮಾತ್ರ ಒತ್ತುವರಿ ಇದೆಯೋ ಇಲ್ಲವೋ ಅನ್ನೋ ಮಾತು ಹುಟ್ಟುತ್ತೆ. ಹಳೇ ನಕ್ಷೆ ಸರಪಳಿ ಕಾಲದ್ದು, ಹೊಸ ನಕ್ಷೆ ಲೇಸರ್ ಕಾಲದ್ದು. ಎರಡನ್ನೂ ಕೂಡಿಸುವಾಗ ಯಾವ ಕಲ್ಲನ್ನು ಹಿಡಿದು ಹೊಂದಿಸಿದರು ಅನ್ನೋದರ ಮೇಲೆ ಒಂದಡಿ ಎರಡಡಿ ಆಚೀಚೆ ಆಗೋಕೆ ಸಾಧ್ಯ. ವಾದ ಬಂದರೆ ಕೇಳಬೇಕಾದ ಪ್ರಶ್ನೆ ಇದೇ.

ರಸ್ತೆ ಅಗಲೀಕರಣ ನಿಜವಾಗಲೂ ಬಂದರೆ?

ಕಾರು ಬಂದು ಹೋದ ಮಾತ್ರಕ್ಕೆ ಯಾರ ಜಾಗವೂ ಹೋಗಲ್ಲ. ಜಾಗ ತಗೊಳ್ಳೋಕೆ ಕಾನೂನಿನ ಹಾದಿ ಇದೆ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ಮೇಲೆ 60 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ರಾಷ್ಟ್ರೀಯ ಹೆದ್ದಾರಿಗೆ ಆದರೆ 1956ರ ಕಾಯ್ದೆಯ 3ಎ ಅಧಿಸೂಚನೆ ಗೆಜೆಟ್‌ನಲ್ಲಿ ಬರಬೇಕು, ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಅಲ್ಲಿ ಆಕ್ಷೇಪಣೆಗೆ ಇರುವ ಅವಧಿ 21 ದಿನ ಮಾತ್ರ. ಸರ್ವೆ ಕಾರು ನೋಡಿ ತಲೆ ಕೆಡಿಸಿಕೊಳ್ಳೋದಕ್ಕಿಂತ ಪತ್ರಿಕೆಯಲ್ಲಿ ಬರುವ ಈ ಪ್ರಕಟಣೆ ಮೇಲೆ ಕಣ್ಣಿಡೋದು ಮುಖ್ಯ. ಅದರಲ್ಲಿ ಸರ್ವೆ ನಂಬರ್ ಇರುತ್ತೆ. ನಿಮ್ಮ ಅಂಗಡಿ ಯಾವ ಸರ್ವೆ ನಂಬರಿನಲ್ಲಿದೆ ಅಂತ ನಿಮಗೇ ಗೊತ್ತಿಲ್ಲದಿದ್ದರೆ ಆ 21 ದಿನ ಹಾಗೇ ಕಳೆದುಹೋಗುತ್ತೆ.

ಸ್ವಾಧೀನ ಅಲ್ಲದೆ ಒತ್ತುವರಿ ಅಂತ ನೋಟಿಸ್ ಬಂದರೆ ದಾರಿ ಬೇರೆ. ಬಾಯಿಮಾತಿನ ಉತ್ತರ ಸಾಲದು. ಯಾವ ಅಳತೆ ಆಧಾರದ ಮೇಲೆ ನೋಟಿಸ್ ಕೊಟ್ಟಿದ್ದೀರಿ, ಆ ನಕ್ಷೆಯ ಪ್ರತಿ ಕೊಡಿ, ಹಳೇ ದಾಖಲೆ ಜೊತೆ ಜಂಟಿ ಸರ್ವೆ ಮಾಡಿ ಅಂತ ಲಿಖಿತವಾಗಿ ಕೇಳಿ, ಸ್ವೀಕೃತಿ ತಗೊಳ್ಳಿ. ಮುಂದಿನ ಹೆಜ್ಜೆಗೆ ವಕೀಲರನ್ನು ಕಾಣೋದು ಒಳ್ಳೇದು.

ಈಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸಗಳು

ಕಾರು ಬಂದಾಗ ಜಗಳ ಬೇಡ. ಸಾರ್ವಜನಿಕ ರಸ್ತೆಯಲ್ಲಿ ಓಡಾಡೋದಕ್ಕೆ ಅವರಿಗೂ ಅಡ್ಡಿ ಇಲ್ಲ. ಯಾವ ಸಂಸ್ಥೆ, ಯಾವ ಇಲಾಖೆಯ ಕೆಲಸ, ಕಾರ್ಯಾದೇಶದ ಪತ್ರ ಇದೆಯಾ ಅಂತ ವಿಚಾರಿಸಿ, ಗಾಡಿ ನಂಬರ್ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ಪತ್ರ ತೋರಿಸದಿದ್ದರೆ ಪುರಸಭೆ, ಪಂಚಾಯಿತಿ ಅಥವಾ ಪೊಲೀಸ್ ಠಾಣೆಯಲ್ಲಿ ಕೇಳಿ.

ಮನೆಯಲ್ಲಿರುವ ಕ್ರಯಪತ್ರ ತೆಗೆದು ಅದರಲ್ಲಿರುವ ಅಡಿ ಲೆಕ್ಕವನ್ನು ಟೇಪು ಹಿಡಿದು ಒಮ್ಮೆ ಸ್ಥಳದಲ್ಲಿ ತಾಳೆ ನೋಡಿ. ಪತ್ರದಲ್ಲಿ 30 ಅಡಿ, ಖಾತೆಯಲ್ಲಿ 28 ಅಡಿ, ನೆಲದಲ್ಲಿ 31 ಅಡಿ, ಈ ಥರ ವ್ಯತ್ಯಾಸ ಇದ್ದರೆ ಈಗಲೇ ತಿಳಿಯೋದು ಒಳ್ಳೇದು, ನೋಟಿಸ್ ಬಂದ ದಿನ ಅಲ್ಲ. ಜಮೀನಿನ ಗಡಿ ಅನುಮಾನ ಇದ್ದರೆ ಮೋಜಿಣಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯರ್ ಬರುವ ದಿನ ಪಕ್ಕದ ಜಮೀನಿನವರ ಜೊತೆ ನೀವೂ ಸ್ಥಳದಲ್ಲಿರಿ.

ಅಂಗಡಿ ಮುಂಭಾಗದ ಫೋಟೋವನ್ನು ದಿನಾಂಕ ಸಮೇತ ತೆಗೆದಿಡಿ. ಸ್ಟ್ರೀಟ್ ವ್ಯೂ ಇರುವ ಊರಲ್ಲಿ ಚಿತ್ರ ತೆಗೆದ ತಿಂಗಳು, ವರ್ಷ ಅದರಲ್ಲೇ ಕಾಣುತ್ತೆ. ಆ ಹೊತ್ತಿಗೆ ಕಟ್ಟಡ ಹೇಗಿತ್ತು ಅಂತ ತೋರಿಸೋಕೆ ಅದು ನೆರವಾಗಬಹುದು, ಹಕ್ಕಿನ ದಾಖಲೆ ಆಗಲ್ಲ. ಸ್ಟ್ರೀಟ್ ವ್ಯೂನಲ್ಲಿ ಮುಖ ಮತ್ತು ವಾಹನದ ನಂಬರ್ ಪ್ಲೇಟ್ ತಾನಾಗಿಯೇ ಮಸುಕಾಗಿರುತ್ತೆ. ಮನೆಯನ್ನೂ ಮಸುಕು ಮಾಡಿ ಅಂತ ಅಲ್ಲೇ ಇರುವ ದೂರಿನ ಆಯ್ಕೆ ಒತ್ತಿ ಕೇಳಬಹುದು. ಹಾಗೆ ಮಸುಕು ಮಾಡಿಸಿದ್ದನ್ನು ಮತ್ತೆ ಸರಿ ಮಾಡಿಸೋಕೆ ಆಗಲ್ಲ. ಅಂಗಡಿಯವರು ಗಿರಾಕಿ ದಾರಿ ಹುಡುಕಿಕೊಂಡು ಬರೋದನ್ನೂ ಯೋಚಿಸಿ ಈ ಆಯ್ಕೆ ಒತ್ತಬೇಕು.

ಊರಿನ ವರ್ತಕರ ಸಂಘ, ನಿವಾಸಿಗಳ ಸಂಘ ಸೇರಿ ಸ್ಥಳೀಯ ಸಂಸ್ಥೆಗೆ ಒಂದು ಅರ್ಜಿ ಕೊಡಬಹುದು. ಸರ್ವೆಗೆ ಮೊದಲು ಯಾವ ಉದ್ದೇಶ, ಯಾವ ಬೀದಿ, ಯಾವ ದಿನ ಅಂತ ನೋಟಿಸ್ ಬೋರ್ಡಲ್ಲಿ ಹಾಕಿ, ಸರ್ವೆ ಆದ ಮೇಲೆ ಕರಡು ನಕ್ಷೆಯನ್ನು ಜನ ನೋಡೋಕೆ ಇಡಿ ಅಂತ ಕೇಳಲಿ. ಸಂತೆ ದಿನ ಬಿಟ್ಟು ಬೇರೆ ದಿನ ಮಾಡಿ ಅಂತಲೂ ಆ ಅರ್ಜಿಯಲ್ಲಿ ಸೇರಿಸಲಿ.